ನನ್ನ ಧ್ವನಿಯನ್ನು ನಾನು ನೋಡಿದ್ದು

ಮಳೆಗಾಲದಲ್ಲಿ ಮಡಿಕೇರಿ ಕಡೆ ಪಾಠ ಮಾಡುವುದೆಂದರೆ ಮಳೆಯ ಮೇಲೆ ಮಾತಾಡುವುದು. ನಮ್ಮ ಶಾಲೆಯ ಆರನೇ ತರಗತಿಗೆ ಶೀಟಿನ ಮಾಡು. ಮಳೆ ಜೋರಾಯಿತೆಂದರೆ ಹಿಂದಿನ ಬೆಂಚಿಗೆ ಏನೂ ಕೇಳಿಸದು. ಹತ್ತೊಂಬತ್ತು ವರ್ಷ ನಾನು ಆ ಸದ್ದಿನ ಮೇಲೆ ಧ್ವನಿ ಏರಿಸಿಯೇ ಪಾಠ ಮಾಡಿದ್ದೇನೆ. ಹೋದ ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ದಿನ ಹಾಜರಿ ಪುಸ್ತಕ ತೆರೆದು ಮೊದಲ ಹೆಸರು ಕರೆದೆ. ಬಾಯಿಂದ ಬಂದಿದ್ದು ಹೆಸರಲ್ಲ, ಬರೀ ಗಾಳಿ. ಮಕ್ಕಳು ಸುಮ್ಮನೆ ನನ್ನ ಮುಖ ನೋಡುತ್ತಾ ಕೂತವು. ಎರಡನೇ ಬೆಂಚಿನ ಹುಡುಗಿ ಎದ್ದು ಬಂದು, "ಟೀಚರ್, ನಾನು ಕರೀತೇನೆ" ಅಂದು ಪುಸ್ತಕ ತೆಗೆದುಕೊಂಡಳು. ಅವತ್ತಿಂದ ಹಾಜರಿ ಕರೆಯುವ ಕೆಲಸ ಅವಳದೇ ಆಯಿತು.

ಇದು ಶುರುವಾಗಿದ್ದು ಏಪ್ರಿಲ್‌ನಲ್ಲಿ. ಕುತ್ತಿಗೆಯ ಬಲಗಡೆ ಥೈರಾಯ್ಡ್‌ನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಇತ್ತು. ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯಲ್ಲಿ ಏನೂ ಖಚಿತವಾಗಲಿಲ್ಲ. ಬಲಗಡೆಯ ಅರ್ಧ ತೆಗೆಸಿಬಿಡುವುದು ಒಳ್ಳೆಯದು ಅಂದರು. ಬೇಸಿಗೆ ರಜೆ ನೋಡಿಕೊಂಡು ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿಸಿದೆವು. ಗಂಟಿನ ರಿಪೋರ್ಟ್ ಚೆನ್ನಾಗಿ ಬಂತು, ಕ್ಯಾನ್ಸರ್ ಅಲ್ಲ. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನನ್ನ ಧ್ವನಿ ಮಾತ್ರ ಎಚ್ಚರವಾದ ಗಳಿಗೆಯಿಂದಲೇ ಒಡೆದಿತ್ತು.

"ಉಸಿರಾಟಕ್ಕೆ ಗಂಟಲಲ್ಲಿ ಟ್ಯೂಬ್ ಹಾಕಿರ್ತೇವಲ್ಲ, ಅದಕ್ಕೇ ಹೀಗೆ. ಎರಡು ವಾರದಲ್ಲಿ ಸರಿ ಹೋಗುತ್ತೆ" ಅಂತ ಹೇಳಿ ಮನೆಗೆ ಕಳಿಸಿದರು. ಅದು ಸುಳ್ಳೇನಲ್ಲ. ಟ್ಯೂಬಿನಿಂದ ಗಂಟಲು ಕಟ್ಟುವುದು ಉಂಟು, ಜಾಸ್ತಿ ಜನಕ್ಕೆ ತಾನಾಗಿ ಸರಿಯೂ ಹೋಗುತ್ತೆ. ಆದರೆ ನನ್ನ ಧ್ವನಿಪೆಟ್ಟಿಗೆ ಹೇಗಿದೆ ಅಂತ ಕಳಿಸುವ ಮುಂಚೆ ಯಾರೂ ನೋಡಲಿಲ್ಲ. ಎರಡು ವಾರ ಆಯಿತು, ನಾಲ್ಕು ವಾರ ಆಯಿತು. ಅತ್ತೆ ಕರಿಮೆಣಸು, ಶುಂಠಿ, ಜೇನು ಹಾಕಿ ದಿನಕ್ಕೆ ಮೂರು ಸಲ ಕಷಾಯ ಕೊಟ್ಟರು. ಪ್ರೀತಿಯಿಂದ ಕೊಟ್ಟಿದ್ದು, ನಾನೂ ನಂಬಿಕೆಯಿಂದಲೇ ಕುಡಿದೆ. ಆದರೆ ಆ ಕಷಾಯವೇ ನೆತ್ತಿಗೆ ಹತ್ತುತ್ತಿತ್ತು. ನೀರು, ಕಾಫಿ, ತೆಳ್ಳಗಿರುವುದು ಏನು ಕುಡಿದರೂ ಹಾಗೇ. ಕೆಮ್ಮೋಣ ಅಂದರೆ ಕೆಮ್ಮಿಗೂ ಸದ್ದಿಲ್ಲ. ಒಂದು ಉಸಿರಿಗೆ ಮೂರು ನಾಲ್ಕು ಪದ ಅಷ್ಟೇ. ಸಂಜೆ ಹೊತ್ತಿಗೆ ಬೆಟ್ಟ ಹತ್ತಿ ಬಂದವಳ ಹಾಗೆ ಸುಸ್ತು.

ಸಂಪಾಜೆಯಲ್ಲಿರುವ ಅಮ್ಮನಿಗೆ ಕಿವಿ ಮಂದ. ಫೋನ್‌ನಲ್ಲಿ ನನ್ನ ಮಾತು ಅವರಿಗೆ ಕೇಳುವುದೇ ನಿಂತುಹೋಯಿತು. ಅಕ್ಕ ಪಕ್ಕದಲ್ಲಿ ಕೂತು ನನ್ನ ಮೆಸೇಜ್ ಓದಿ ಹೇಳಬೇಕಿತ್ತು. ಬೇರೆ ಎಲ್ಲಕ್ಕಿಂತ ಇದೇ ನನಗೆ ತುಂಬ ಕಷ್ಟವಾಯಿತು.

ಜೂನ್ ಎರಡನೇ ವಾರ ಮಡಿಕೇರಿಯಲ್ಲಿ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಮಾತು ಕೇಳಿದ ಕೂಡಲೇ, "ಧ್ವನಿತಂತು ನೋಡಲೇಬೇಕು ಟೀಚರ್" ಅಂದರು. ನೋಡುವುದು ಸಾಮಾನ್ಯವಾಗಿ ಮೂಗಿನಿಂದ ಇಳಿಸುವ ತೆಳ್ಳಗಿನ ಸ್ಕೋಪ್‌ನಿಂದ. ತುದಿಯಲ್ಲಿ ಬೆಳಕೂ ಕ್ಯಾಮೆರಾವೂ ಇರುವ, ಬಳ್ಳಿಯಂತೆ ಬಾಗುವ ನಳಿಕೆ. ಮೂಗಿಗೆ ಹನಿ ಹಾಕಿದರು, ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದರು, ಅದು ಕಹಿ. ನನ್ನ ಮೂಗಿನ ನಡುಗೋಡೆ ಒಂದು ಕಡೆಗೆ ಬಾಗಿದೆಯಂತೆ. ಒಂದು ಹೊಳ್ಳೆಯಲ್ಲಿ ಹೋಗಲಿಲ್ಲ. ಇನ್ನೊಂದರಲ್ಲಿ ಇಳಿಸಿದಾಗ ಉಸಿರು ಕಟ್ಟಿದಂತಾಗಿ ಅವರ ಕೈ ಹಿಡಿದು ಎಳೆದುಬಿಟ್ಟೆ. ಒಂದು ವಾರ ಬಿಟ್ಟು ಮತ್ತೆ ಹೋದೆ. ಆಗ ಕಣ್ಣು ಕತ್ತಲೆ ಬಂದು ಕುರ್ಚಿಯಲ್ಲೇ ಒರಗಿದೆ.

ಇದನ್ನು ಓದಿ ಯಾರೂ ಸ್ಕೋಪ್ ಅಂದರೆ ಹೆದರಬೇಡಿ. ನನ್ನ ಕಣ್ಣೆದುರೇ ಒಬ್ಬ ಕಾಲೇಜು ಹುಡುಗ ಎರಡು ನಿಮಿಷದಲ್ಲಿ ಮಾಡಿಸಿಕೊಂಡು ಎದ್ದು ಹೋದ. ನನಗೆ ಆಗಲಿಲ್ಲ, ಅಷ್ಟೇ. ಡಾಕ್ಟರ್ ಬೇಸರಪಡಲಿಲ್ಲ. "ಇನ್ನೊಂದು ದಾರಿ ಇದೆ. ಕುತ್ತಿಗೆ ಮೇಲಿಂದಲೇ ಅಲ್ಟ್ರಾಸೌಂಡ್‌ನಲ್ಲಿ ನೋಡೋಣ. ಎಲ್ಲ ಕಾಣಲ್ಲ. ಆದರೆ ತಂತು ಅಲ್ಲಾಡ್ತಾ ಇದೆಯೋ ಇಲ್ಲವೋ ಅನ್ನೋದು ನಿಮ್ಮಂಥವರಲ್ಲಿ ಚೆನ್ನಾಗೇ ಗೊತ್ತಾಗುತ್ತೆ" ಅಂದರು.

ಹೊಟ್ಟೆ ಸ್ಕ್ಯಾನಿಂಗ್ ಗೊತ್ತು, ಥೈರಾಯ್ಡ್ ಸ್ಕ್ಯಾನಿಂಗ್ ನನಗೇ ಮಾಡಿದ್ದರು. ಧ್ವನಿಪೆಟ್ಟಿಗೆಗೂ ಮಾಡುತ್ತಾರೆ ಅಂತ ಕೇಳಿದ್ದು ಅದೇ ಮೊದಲು. ಥೈರಾಯ್ಡ್ ಆಪರೇಷನ್ ಆದವರಿಗೆ, ಹೃದಯದ ಆಪರೇಷನ್ ಆದ ಎಳೆ ಮಕ್ಕಳಿಗೆ ಹೀಗೆ ನೋಡುವ ಪದ್ಧತಿ ಇದೆಯಂತೆ. ಕೊರೊನಾ ಸಮಯದಲ್ಲಿ ಮೂಗು ಗಂಟಲಿಗೆ ಸ್ಕೋಪ್ ಹಾಕಿದರೆ ಸೋಂಕು ಹರಡುವ ಭಯ ಇತ್ತಲ್ಲ, ಆಗ ಇದರ ಕಡೆ ಇನ್ನಷ್ಟು ಗಮನ ಹೋಯಿತು ಅಂದರು.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನ ಮೇಲೆ ನಾನೊಬ್ಬಳು ಬಿಟ್ಟರೆ ಎಲ್ಲ ಬಸುರಿಯರೇ. ಬಾಗಿಲ ಮೇಲೆ ದೊಡ್ಡ ಅಕ್ಷರದ ಬೋರ್ಡು, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಅಂತ. 1994ರ ಕಾಯ್ದೆ ಪ್ರಕಾರ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿ ಆಗಿರಬೇಕು, ಮನಸ್ಸಿಗೆ ಬಂದ ಕಡೆ ಎತ್ತಿಕೊಂಡು ಹೋಗುವಂತಿಲ್ಲ. ಅದಕ್ಕೇ ಯಂತ್ರ ಇಎನ್‌ಟಿ ಕೋಣೆಗೆ ಬರಲಿಲ್ಲ, ನಾವೇ ಇಲ್ಲಿಗೆ ಬರಬೇಕಾಯಿತು. ಪಕ್ಕದಲ್ಲಿದ್ದ ಹುಡುಗಿ, "ನೀವು ಯಾರ ಜೊತೆ ಬಂದದ್ದು ಅಕ್ಕಾ?" ಅಂತ ಕೇಳಿದಳು. ಗಂಟಲು ತೋರಿಸಿದೆ. ಅವಳು ಸರಿದು ಗೋಡೆಗೆ ಒರಗುವ ಜಾಗ ನನಗೆ ಬಿಟ್ಟುಕೊಟ್ಟಳು. ಹೊಟ್ಟೆ ಹೊತ್ತವಳು ನನಗೆ ಜಾಗ ಬಿಟ್ಟದ್ದು ನೆನೆದರೆ ಈಗಲೂ ಮನಸ್ಸು ಕರಗುತ್ತದೆ.

ಒಳಗೆ ರೇಡಿಯಾಲಜಿ ಮೇಡಂ ಇದ್ದರು. ಇಎನ್‌ಟಿ ಡಾಕ್ಟರೂ ಬಂದು ಯಂತ್ರದ ಪಕ್ಕ ನಿಂತರು. ಮೇಡಂಗೆ ಯಂತ್ರದ ಚಿತ್ರ ಓದುವುದು ಚೆನ್ನಾಗಿ ಗೊತ್ತು, ಇವರಿಗೆ ಧ್ವನಿಪೆಟ್ಟಿಗೆ ಗೊತ್ತು. ಇಬ್ಬರೂ ಸೇರಿ ನೋಡಿದ್ದು ನನ್ನ ಭಾಗ್ಯ. ಈ ಪರೀಕ್ಷೆ ದಿನಾ ಮಾಡುವಂಥದ್ದಲ್ಲ, ಕೈ ಪಳಗಿರಬೇಕು ಅಂತ ಅವರೇ ಹೇಳಿದರು.

ಅಂಗಾತ ಮಲಗಿಸಿ ಹೆಗಲ ಕೆಳಗೆ ದಿಂಬಿಟ್ಟರು. ಕುತ್ತಿಗೆ ಹಿಂದಕ್ಕೆ ಚಾಚಿತು. ಆಪರೇಷನ್ನಿನ ಗಾಯದ ಗೆರೆ ಇನ್ನೂ ಸ್ವಲ್ಪ ಬಿಗಿಯುತ್ತಿತ್ತು. ತಣ್ಣನೆ ಜೆಲ್ ಹಾಕಿದರು. ಜುಲೈ ಚಳಿಗೆ ಮೈ ಜುಮ್ಮೆಂದಿತು. ಪ್ರೋಬ್ ಹೊಟ್ಟೆ ನೋಡುವಂಥ ಉಬ್ಬಿದ ತಲೆಯದಲ್ಲ, ಸಣ್ಣ ಬಾಚಣಿಗೆಯಷ್ಟು ಅಗಲದ, ಚಪ್ಪಟೆ ಮುಖದ್ದು. ಅದನ್ನು ಗಂಟಲ ಮುಂದಿನ ಗಟ್ಟಿ ಉಬ್ಬಿನ ಮೇಲೆ ಅಡ್ಡಡ್ಡ ಇಟ್ಟರು. ಒತ್ತಲಿಲ್ಲ, ತಾಗಿಸಿದರು ಅಷ್ಟೇ. ನೋವು ಅಂತ ಏನೂ ಇಲ್ಲ.

ಅದು ಹೇಗೆ ಕೆಲಸ ಮಾಡುತ್ತೆ ಅಂತ ನಾನು ಮೊದಲೇ ಚೀಟಿಯಲ್ಲಿ ಬರೆದು ಕೇಳಿದ್ದೆ. ಟೀಚರ್ ಬುದ್ಧಿ, ಸುಮ್ನೆ ಇರಲು ಆಗುವುದಿಲ್ಲ. ಮೇಡಂ ಜೆಲ್ ಹಚ್ಚುತ್ತಾ ಹೇಳಿದರು. ಬಾವಿಗೆ ಬಗ್ಗಿ ಕೂಗಿದರೆ ನಮ್ಮ ಕೂಗು ವಾಪಸು ಬರುತ್ತದಲ್ಲ, ಹಾಗೆ. ಮನುಷ್ಯರ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಮಾತ್ರ ಕೇಳುತ್ತದೆ. ಕುತ್ತಿಗೆಗೆ ಇಡುವ ಪ್ರೋಬ್ ಸೆಕೆಂಡಿಗೆ ಸುಮಾರು 70 ಲಕ್ಷದಿಂದ ಒಂದೂವರೆ ಕೋಟಿ ಕಂಪನದ ಸದ್ದು ಕಳಿಸುತ್ತದೆ. ಒಳಗಿನ ಪದರಗಳಿಗೆ ತಾಗಿ ಅದು ಮರಳುತ್ತದೆ. ಎಷ್ಟು ಹೊತ್ತಿಗೆ, ಎಷ್ಟು ಜೋರಾಗಿ ಮರಳಿತು ಅನ್ನುವ ಲೆಕ್ಕದಿಂದ ಚಿತ್ರ ಮೂಡುತ್ತದೆ. ಕಂಪನ ಹೆಚ್ಚಿದಷ್ಟೂ ಚಿತ್ರ ನಯ, ಆದರೆ ಆಳಕ್ಕೆ ಹೋಗುವುದಿಲ್ಲ. ಧ್ವನಿಪೆಟ್ಟಿಗೆ ಚರ್ಮದ ಕೆಳಗೇ ಇರುವುದರಿಂದ ತೊಂದರೆ ಇಲ್ಲ. ಎಕ್ಸ್‌ರೇ ಥರ ವಿಕಿರಣವೂ ಇಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು. ಕಷ್ಟ ಕೊಡುವುದು ಗಾಳಿ. ಗಾಳಿ ಸಿಕ್ಕರೆ ಈ ಸದ್ದು ಮುಂದೆ ಹೋಗದೆ ಪೂರ್ತಿ ವಾಪಸಾಗುತ್ತದೆ. ಚರ್ಮಕ್ಕೂ ಪ್ರೋಬಿಗೂ ನಡುವೆ ಜೆಲ್ ಹಾಕುವುದೂ ಅಲ್ಲಿ ಗಾಳಿ ಉಳಿಯಬಾರದು ಅಂತಲೇ.

ಧ್ವನಿ ಹೋದವಳ ಧ್ವನಿಪೆಟ್ಟಿಗೆಯನ್ನು ಯಾರಿಗೂ ಕೇಳದ ಸದ್ದಿನಿಂದ ನೋಡುತ್ತಿದ್ದಾರಲ್ಲ ಅಂತ ನನಗೆ ಆಶ್ಚರ್ಯವಾಯಿತು.

ನಾನು ಕೇಳಿಕೊಂಡಿದ್ದರಿಂದ ಪರದೆಯನ್ನು ನನಗೂ ಕಾಣುವಂತೆ ತಿರುಗಿಸಿದರು. ಮೊದಲಿಗೆ ಮಂಜು ಬಿದ್ದ ಬೆಳಗಿನಂತೆ ಬರೀ ಬೂದಿ ಬಣ್ಣ. ಮೇಡಂ ಪ್ರೋಬನ್ನು ಕೂದಲೆಳೆಯಷ್ಟು ವಾಲಿಸಿದರು. ಮನೆಯ ಮಾಡಿನ ಹಾಗೆ ಎರಡು ಇಳಿಜಾರು ಗೆರೆ ಕಂಡವು. "ಇದು ಥೈರಾಯ್ಡ್ ಮೃದ್ವಸ್ಥಿ, ಧ್ವನಿಪೆಟ್ಟಿಗೆಯ ಗುರಾಣಿ" ಅಂದರು. ಮೃದ್ವಸ್ಥಿ ಅಂದರೆ ಮೆತ್ತನೆಯ ಎಲುಬು. ಹೆಸರು ಒಂದೇ ಆದರೂ ಇದು ನನಗೆ ಆಪರೇಷನ್ ಆದ ಥೈರಾಯ್ಡ್ ಗ್ರಂಥಿಯಲ್ಲ. ಆ ಮಾಡಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ. ಅದರ ಒಳ ಅಂಚಿಗೆ ತೆಳ್ಳಗೆ ಬಿಳಿ ಗೆರೆ. ಹಿಂದಿನ ತುದಿಯಲ್ಲಿ ಎರಡು ಹೊಳೆಯುವ ಚುಕ್ಕೆ. ಕಪ್ಪು ಪಟ್ಟಿಯೇ ಧ್ವನಿತಂತುವಿನ ಸ್ನಾಯು. ಬಿಳಿ ಗೆರೆ ಅದರ ಅಂಚಿನ ಕಟ್ಟು. ಚುಕ್ಕೆಗಳು ತಂತುಗಳನ್ನು ತಿರುಗಿಸುವ ಪುಟ್ಟ ಮೃದ್ವಸ್ಥಿಗಳು. ತುಸು ಮೇಲೆ ಹೋದರೆ ಬೆಳ್ಳಗೆ ಕಾಣುವುದು ಸುಳ್ಳು ತಂತು, ಕೊಬ್ಬು ಇರುವುದರಿಂದ ಅದಕ್ಕೆ ಆ ಬಿಳುಪು.

ತಂತು ಅಂದರೆ ವೀಣೆಯ ತಂತಿಯ ಹಾಗೆ ಅಂತ ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅದು ತಂತಿಯಲ್ಲ, ಮಡಿಕೆ. ಉಸಿರಾಡುವಾಗ ಎರಡೂ ಮಡಿಕೆ ಬಾಗಿಲ ರೆಕ್ಕೆಗಳಂತೆ ತೆರೆಯುತ್ತವೆ. ಮಾತಾಡುವಾಗ ನಡುವಿಗೆ ಬಂದು ಕೂಡುತ್ತವೆ. ಕೂಡಿದ ಬಾಗಿಲ ಸಂದಿಯಿಂದ ಉಸಿರು ನುಗ್ಗಿದಾಗ ಅವು ಕಂಪಿಸಿ ಧ್ವನಿ ಹುಟ್ಟುತ್ತದೆ. ಹೆಂಗಸರಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 200 ಸಲ. ನುಂಗುವಾಗ ಇದೇ ಬಾಗಿಲು ಮುಚ್ಚಿ ನೀರು ಉಸಿರ್ನಾಳಕ್ಕೆ ಹೋಗದಂತೆ ತಡೆಯುತ್ತದೆ.

"ಸುಮ್ಮನೆ ಮೂಗಿನಿಂದ ಉಸಿರಾಡಿ" ಅಂದರು. ಉಸಿರಾಡಿದೆ. "ಈಗ 'ಈ' ಅಂತ ಎಳೀರಿ." ಎಳೆದೆ. ಬಂದದ್ದು ಗಾಳಿಯೇ. ಆದರೆ ಪರದೆಯ ಮೇಲೆ ಒಂದು ಕಡೆಯ ಚುಕ್ಕೆ ಚಕ್ಕನೆ ನಡುವಿಗೆ ಸರಿಯಿತು. ಪರದೆಯ ಎಡಗಡೆಯದು ಇದ್ದಲ್ಲೇ ಇತ್ತು.

"ಇನ್ನೊಂದು ಸಲ."

ಮತ್ತೆ ಅದೇ. ಪರದೆಯ ಎಡಭಾಗ ಅಂದರೆ ನನ್ನ ಬಲಭಾಗ, ಎದುರು ಕೂತವರನ್ನು ನೋಡಿದ ಹಾಗೆ. ಅಂದರೆ ಅಲ್ಲಾಡದೆ ಇದ್ದದ್ದು ಬಲ ತಂತು, ಆಪರೇಷನ್ ಆದ ಕಡೆಯದೇ. ಉಸಿರು ಬಿಗಿಹಿಡಿದು ಮುಕ್ಕಲು ಹೇಳಿದರು, ಆಗಲೂ ಅದು ಕದಲಲಿಲ್ಲ. ಎಡ ತಂತು ಪ್ರತಿ ಸಲವೂ ನಡುವಿನವರೆಗೆ ಬಂದು, ಜೊತೆಗಾರ ಸಿಗದೆ ನಿಲ್ಲುತ್ತಿತ್ತು. ನಡುವೆ ಸಂದಿ ಉಳಿಯುತ್ತಿತ್ತು. ಆ ಸಂದಿಯಿಂದಲೇ ನನ್ನ ಮಾತು ಗಾಳಿಯಾಗಿ ಸೋರುತ್ತಿತ್ತು, ಆ ಸಂದಿಯಿಂದಲೇ ಕಷಾಯ ನೆತ್ತಿಗೆ ಹತ್ತುತ್ತಿತ್ತು.

ಅಳು ಬಂತು. ದುಃಖಕ್ಕೆ ಮಾತ್ರ ಅಲ್ಲ. ಎರಡೂವರೆ ತಿಂಗಳಿಂದ, "ಸ್ವಲ್ಪ ಜೋರಾಗಿ ಮಾತಾಡಿ ನೋಡು", "ಮನಸ್ಸು ಮಾಡಬೇಕು", "ಹೆದರಿಕೆಗೆ ಹೀಗಾಗಿದೆ" ಅಂತ ಕೇಳಿ ಕೇಳಿ ನಾನೇ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸಿಬಿಟ್ಟಿತ್ತು. ಈಗ ಕಣ್ಣೆದುರು ಇತ್ತು. ನಾನು ಎಷ್ಟು ಮನಸ್ಸು ಮಾಡಿದರೂ ಆ ಚುಕ್ಕೆ ಸರಿಯುವಂತಿರಲಿಲ್ಲ. ಇದೆಲ್ಲ ಮುಗಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಮೇಡಂ ಜೆಲ್ ಒರೆಸಿಕೊಳ್ಳಲು ಕೊಟ್ಟ ಕಾಗದದಲ್ಲೇ ಕಣ್ಣನ್ನೂ ಒರೆಸಿಕೊಂಡೆ.

ಇಎನ್‌ಟಿ ಡಾಕ್ಟರ್ ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಧ್ವನಿತಂತುಗಳನ್ನು ಅಲ್ಲಾಡಿಸುವ ನರ ಮೆದುಳಿನಿಂದ ನೇರ ಅಲ್ಲಿಗೆ ಬರುವುದಿಲ್ಲ. ಬಲಗಡೆಯದು ಕೊರಳೆಲುಬಿನ ಹತ್ತಿರದ ರಕ್ತನಾಳವನ್ನು ಸುತ್ತಿ, ಎಡಗಡೆಯದು ಎದೆಯೊಳಗೆ ಇಳಿದು ಮಹಾಪಧಮನಿಯ ಕಮಾನನ್ನೇ ಸುತ್ತಿ, ಮತ್ತೆ ಮೇಲೆ ಹತ್ತುತ್ತದೆ. ಜಿರಾಫೆಯಲ್ಲೂ ಹೀಗೇ, ಅಷ್ಟುದ್ದ ಕತ್ತು ಇಳಿದು ಮತ್ತೆ ಹತ್ತಬೇಕು. ಇದನ್ನು ಮಕ್ಕಳಿಗೆ ಹೇಳಲೇಬೇಕು ಅಂತ ಅಷ್ಟು ಬೇಜಾರಿನಲ್ಲೂ ಅಂದುಕೊಂಡೆ. ಈ ಸುತ್ತುದಾರಿಯಿಂದಾಗಿ ಎದೆಯಲ್ಲಿ ಏನಾದರೂ ಬೆಳೆದರೂ ಧ್ವನಿ ಕೆಡಬಹುದು. ಆಪರೇಷನ್ ಆಗದವರಲ್ಲಿ ತಂತು ಅಲ್ಲಾಡದಿದ್ದರೆ ಎದೆಯನ್ನೂ ಸ್ಕ್ಯಾನ್ ಮಾಡಿ ನೋಡುವುದು ಇದಕ್ಕೇ. ನನ್ನಲ್ಲಿ ಕಾರಣ ಹುಡುಕಬೇಕಿರಲಿಲ್ಲ. ನರ ಥೈರಾಯ್ಡಿನ ಬೆನ್ನಿಗೇ, ಉಸಿರ್ನಾಳ ಮತ್ತು ಅನ್ನನಾಳದ ನಡುವಿನ ಸಂದಿಯಲ್ಲಿ ಹೋಗುತ್ತದೆ. ದಪ್ಪ ಒಂದೆರಡು ಮಿಲಿಮೀಟರ್. ಎಷ್ಟು ಜೋಪಾನ ಮಾಡಿದರೂ ಎಳೆತಕ್ಕೆ, ಬಿಸಿಗೆ ಅದು ಮಂಕಾಗಬಹುದು. ತುಂಡಾಗಿರದೆ ಬರೀ ಮಂಕಾಗಿದ್ದರೆ ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕಾಯುತ್ತಾರೆ. ಆಗಲೂ ಸರಿ ಹೋಗದಿದ್ದರೆ ತಂತುವಿಗೆ ಇಂಜೆಕ್ಷನ್ ಕೊಟ್ಟು ಉಬ್ಬಿಸುವುದು, ಇಲ್ಲವೇ ಮೃದ್ವಸ್ಥಿಯಲ್ಲಿ ಸಣ್ಣ ಕಿಟಕಿ ಕೊರೆದು ತುಂಡೊಂದನ್ನು ಇಟ್ಟು ತಂತುವನ್ನು ನಡುವಿಗೆ ತಳ್ಳುವುದು. ಈ ಎರಡನೆಯದನ್ನು ಜಪಾನಿನ ಡಾಕ್ಟರ್ ಇಶ್ಶಿಕಿ 1974ರಲ್ಲಿ ವಿವರಿಸಿದರು.

ನರಕ್ಕೆ ಪೆಟ್ಟಾಯಿತು ಅಂತ ನನಗೆ ಆ ಸರ್ಜನ್ ಮೇಲೆ ಕೋಪ ಇಲ್ಲ. ಆಪರೇಷನ್ ಮುಂಚೆ ಸಹಿ ಹಾಕಿದ ಕಾಗದದಲ್ಲೇ ಈ ಅಪಾಯ ಬರೆದಿತ್ತು. ನನಗೆ ಸಿಟ್ಟಿರುವುದು ಧ್ವನಿ ಒಡೆದವಳನ್ನು ನೋಡದೆ ಮನೆಗೆ ಕಳಿಸಿದ್ದಕ್ಕೆ. ಥೈರಾಯ್ಡ್ ಆಪರೇಷನ್ ಮಾಡಿಸಿಕೊಳ್ಳುವವರು ದಯವಿಟ್ಟು ಕೇಳಿ, ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ತಂತುಗಳನ್ನು ನೋಡಿ ಅಂತ. ಸ್ಕೋಪ್ ಆಗಲಿ, ಅಲ್ಟ್ರಾಸೌಂಡ್ ಆಗಲಿ. ಮುಂಚೆ ನೋಡಿಲ್ಲದಿದ್ದರೆ ತೊಂದರೆ ಹೊಸದೋ ಹಳೆಯದೋ ಅಂತಲೇ ಗೊತ್ತಾಗುವುದಿಲ್ಲ.

ಮುಂದಿನದು ಮೈಸೂರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ನಮ್ಮ ಕಡೆ ಎಲ್ಲರೂ ಸ್ಪೀಚ್ ಅಂಡ್ ಹಿಯರಿಂಗ್ ಅಂತಾರೆ. 1965ರಲ್ಲಿ ಶುರುವಾದದ್ದು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಬೆಳಗಿನ ಬಸ್ಸು ಹತ್ತಿದರೆ ಕೆಲಸ ಮುಗಿಸಿ ರಾತ್ರಿಗೆ ಮನೆ. ಅಲ್ಲಿ ಮೊದಲು 'ಆ' ಅಂತ ಎಷ್ಟು ಹೊತ್ತು ಎಳೆಯಬಲ್ಲೆ ಅಂತ ಅಳೆದರು. ನಾಲ್ಕು ಸೆಕೆಂಡ್. ಆರೋಗ್ಯವಾಗಿರುವವರು ಹದಿನೈದು ಸೆಕೆಂಡಾದರೂ ಎಳೆಯುತ್ತಾರೆ. ನೀರು ಕುಡಿಯುವಾಗ ಗಲ್ಲ ಎದೆ ಕಡೆ ಬಗ್ಗಿಸಿ ಸಣ್ಣ ಗುಟುಕು ಕುಡಿಯಲು ಕಲಿಸಿದರು. ತಲೆಯನ್ನು ಬಲಕ್ಕೆ, ಅಂದರೆ ತೊಂದರೆ ಇರುವ ಕಡೆಗೇ ತಿರುಗಿಸಿ ಮಾತಾಡಿಸಿದರು. ಆಗ ಸಂದಿ ಸ್ವಲ್ಪ ಕಿರಿದಾಗಿ ಧ್ವನಿ ಗಟ್ಟಿಯಾಯಿತು! ಮೂಗಿನಲ್ಲಿ 'ಮ್' ಅಂತ ಗುನುಗುವುದು ದಿನಕ್ಕೆ ಐದು ಸಲ. ಪಿಸುಗುಟ್ಟಿದರೂ ಗಂಟಲಿಗೆ ಬಿಗಿತ ಬರಬಹುದು, ಅದು ಬೇಡ ಅಂದರು. ತರಗತಿಗೆ ಸೊಂಟಕ್ಕೆ ಕಟ್ಟುವ ಸಣ್ಣ ಮೈಕು ತೆಗೆದುಕೊಂಡೆ. ಮಳೆಯ ಮೇಲೆ ಅದೂ ಸೋಲುತ್ತಿತ್ತು, ಆ ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಬಸ್ಸಿನಲ್ಲಿ ಹೋಗಿಬರುವ ಹೊತ್ತು ಓದಿಕೊಳ್ಳುತ್ತಿದ್ದೆ. ಮಾನ್ವೆಲ್ ಗಾರ್ಸಿಯಾ ಅನ್ನುವವರ ವಿಷಯ ಸಿಕ್ಕಿತು. ಡಾಕ್ಟರ್ ಅಲ್ಲ, ಹಾಡು ಕಲಿಸುವ ಮೇಷ್ಟ್ರು. ಧ್ವನಿ ಎಲ್ಲಿಂದ ಬರುತ್ತೆ ಅಂತ ಕಣ್ಣಾರೆ ನೋಡುವ ಆಸೆ ಅವರಿಗೆ. 1854ರಲ್ಲಿ ಹಲ್ಲಿನ ಡಾಕ್ಟರು ಬಳಸುವಂಥ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಗಂಟಲ ಹಿಂದೆ ಇಟ್ಟುಕೊಂಡು, ಇನ್ನೊಂದು ಕನ್ನಡಿಯಿಂದ ಬಿಸಿಲು ಬೀಳಿಸಿ, ತಮ್ಮ ಧ್ವನಿತಂತು ತಾವೇ ನೋಡಿಕೊಂಡರು. ಗಂಟಲು ನೋಡುವ ವೈದ್ಯಕ್ಕೆ ದೊಡ್ಡ ದಾರಿ ತೆರೆದದ್ದು ಆ ಕನ್ನಡಿ. ನನ್ನ ಹಾಗೇ ಒಬ್ಬ ಮೇಷ್ಟ್ರು ಅಂತ ನನಗೆ ಅವರ ಮೇಲೆ ಬಹಳ ಪ್ರೀತಿ ಹುಟ್ಟಿತು.

ಸೆಪ್ಟೆಂಬರ್‌ನಲ್ಲಿ ಎರಡನೇ ಅಲ್ಟ್ರಾಸೌಂಡ್. ಬಲ ತಂತು ಹಾಗೇ ಇತ್ತು. ಎಡ ತಂತು ಮಾತ್ರ ನಡುಗೆರೆ ದಾಟಿ ಬಲದ ಕಡೆ ಬರಲು ಕಲಿಯುತ್ತಿತ್ತು. ಧ್ವನಿ ಸ್ವಲ್ಪ ಸುಧಾರಿಸಿದ್ದು ಅದರಿಂದ, ನರದಿಂದಲ್ಲ. ಬರೀ ಕಿವಿಯಿಂದ ಕೇಳಿದ್ದರೆ ನರ ಸರಿಯಾಗುತ್ತಿದೆ ಅಂತ ಎಲ್ಲರೂ ನಂಬುತ್ತಿದ್ದೆವು. ನೋಡಿದ್ದಕ್ಕೆ ನಿಜ ಗೊತ್ತಾಯಿತು.

ಈ ನಡುವೆ ನನ್ನ ಕಥೆ ಕೇಳಿ ನಮ್ಮ ಭಾವ, ಯಜಮಾನರ ಅಣ್ಣ, "ಹಾಗಾದರೆ ನಂಗೂ ಆ ಜೆಲ್ ಹಚ್ಚಿ ನೋಡುವುದೇ ಮಾಡಿಸಮ್ಮ, ಮೂಗಿಗೆ ಹಾಕುವುದು ಬೇಡ" ಅಂದರು. ಅರವತ್ತು ದಾಟಿದೆ, ನಲವತ್ತು ವರ್ಷದಿಂದ ಬೀಡಿ. ನಾಲ್ಕು ತಿಂಗಳಿಂದ ಧ್ವನಿ ಗೊಗ್ಗರಾಗಿತ್ತು, ತೋಟದಲ್ಲಿ ಆಳುಗಳನ್ನು ಕೂಗಿ ಕೂಗಿ ಹೀಗಾಗಿದೆ ಅಂತ ಸುಮ್ಮನಿದ್ದರು. ನಾನೇ ಕರೆದುಕೊಂಡು ಹೋದೆ. ಅವರ ಕುತ್ತಿಗೆ ಮೇಲೆ ಅದೇ ಪ್ರೋಬ್, ಅದೇ ಮೇಡಂ. ಪರದೆಯಲ್ಲಿ ಏನೂ ಇಲ್ಲ, ಮಾಡಿನ ಕೆಳಗೆಲ್ಲ ಕಪ್ಪು ನೆರಳು. ಗಂಡಸರಲ್ಲಿ ವಯಸ್ಸಾದಂತೆ ಆ ಮೃದ್ವಸ್ಥಿಯಲ್ಲಿ ಸುಣ್ಣ ಸೇರಿ ಎಲುಬಿನ ಹಾಗೆ ಗಟ್ಟಿಯಾಗುತ್ತದೆ, ಸದ್ದು ಒಳಗೆ ಹೋಗುವುದೇ ಇಲ್ಲ. ಅದರ ಕೋನವೂ ಗಂಡಸರಲ್ಲಿ ಚೂಪು, ಪ್ರೋಬ್ ಸರಿಯಾಗಿ ಕೂರುವುದಿಲ್ಲ. ಹೆಂಗಸರಲ್ಲಿ, ಮಕ್ಕಳಲ್ಲಿ ಚೆನ್ನಾಗಿ ಕಾಣುವಷ್ಟು ಇವರಲ್ಲಿ ಕಾಣುವುದಿಲ್ಲ. 'ನಿಮ್ಮಂಥವರಲ್ಲಿ' ಅಂತ ಡಾಕ್ಟರ್ ಅವತ್ತು ಹೇಳಿದ್ದು ಯಾಕೆ ಅಂತ ಆಗ ಅರ್ಥವಾಯಿತು.

"ಕಂಡಿದ್ದರೂ ನಿಮಗೆ ನಾನು ಸ್ಕೋಪ್ ಬಿಡ್ತಿರಲಿಲ್ಲ" ಅಂದರು ಇಎನ್‌ಟಿ ಡಾಕ್ಟರ್. ಅಲ್ಟ್ರಾಸೌಂಡ್‌ನಲ್ಲಿ ಚಲನೆ ಗೊತ್ತಾಗುತ್ತದೆ, ದೊಡ್ಡ ಗಡ್ಡೆ ಗೊತ್ತಾಗಬಹುದು. ತಂತುವಿನ ಮೇಲಿನ ಚರ್ಮದ ಬಣ್ಣ, ಸಣ್ಣ ಹುಣ್ಣು, ಬಿಳಿ ಮಚ್ಚೆ ಕಾಣುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಆಗುವ ಕಂಪನವನ್ನೂ ಆ ಚಿತ್ರ ಹಿಡಿಯಲಾರದು. ಬೀಡಿ ಸೇದುವವರಿಗೆ ಮೂರು ವಾರ ದಾಟಿ ಧ್ವನಿ ಒಡೆದಿದ್ದರೆ ಒಳಗಿನ ಚರ್ಮವನ್ನು ಕಣ್ಣಾರೆ ನೋಡಲೇಬೇಕು. ಭಾವ ಒಪ್ಪಿದರು. ಎರಡೇ ನಿಮಿಷ. ಎಡ ತಂತುವಿನ ಮೇಲೆ ಬಿಳಿ ಮಚ್ಚೆ ಇತ್ತು. ಆಮೇಲೆ ಅರಿವಳಿಕೆ ಕೊಟ್ಟು ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಆದರೆ ಆ ಕಡೆಗೆ ಹೊರಟ ಬದಲಾವಣೆ ಅಂತ ರಿಪೋರ್ಟ್ ಬಂತು. ಈಗ ತಪ್ಪದೆ ತೋರಿಸುತ್ತಾರೆ, ಬೀಡಿ ಬಿಟ್ಟಿದ್ದಾರೆ. ಒಂದು ವೇಳೆ ಅಲ್ಟ್ರಾಸೌಂಡ್‌ನಲ್ಲಿ ಎರಡೂ ತಂತು ಅಲ್ಲಾಡುವುದು ಕಂಡು, ಸರಿ ಇದೆ ಅಂತ ಮನೆಗೆ ಬಂದಿದ್ದರೆ? ನನಗೆ ನಿದ್ದೆ ಬಾರದ ರಾತ್ರಿಗಳಲ್ಲಿ ಇದು ನೆನಪಾಗುತ್ತದೆ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬಂತು. ಹುಣ್ಣಿಮೆ ಬೆಳಕಿನಲ್ಲಿ ಗದ್ದೆಗೆ ಹೋದೆವು. ಕೋವಿ ಹಾರಿಸಿ ಕದಿರು ಕೊಯ್ಯುವಾಗ ಎಲ್ಲರೂ "ಪೊಲಿ ಪೊಲಿ ದೇವಾ" ಅಂತ ಕೂಗಿದರು. ಹುಟ್ಟಿದಾಗಿನಿಂದ ಕೂಗಿದ ಕೂಗು ಅದು. ನಾನು ತಲೆ ಬಲಕ್ಕೆ ತಿರುಗಿಸಿ, ಹೊಟ್ಟೆಯಿಂದ ಉಸಿರೆಳೆದು ಸೇರಿಸಿದೆ. ನನಗೆ ಮಾತ್ರ ಕೇಳುವಷ್ಟು ಬಂತು. ಪಕ್ಕದಲ್ಲಿದ್ದ ಅತ್ತೆ ಏನೂ ಹೇಳದೆ ನನ್ನ ಬೆನ್ನ ಮೇಲೆ ಕೈ ಇಟ್ಟರು.

ಜನವರಿ ಕೊನೆಗೆ ಮೂರನೇ ಸ್ಕ್ಯಾನಿಂಗ್. ಕಾಫಿ ಕೊಯ್ಲಿನ ಕಾಲ, ಯಜಮಾನರಿಗೆ ಬಿಡುವಿಲ್ಲ, ಒಬ್ಬಳೇ ಹೋದೆ. ಅದೇ ಮಂಚ, ಅದೇ ದಿಂಬು, ತಣ್ಣನೆ ಜೆಲ್. ಮಾಡು ಕಂಡಿತು, ಕಪ್ಪು ಪಟ್ಟಿ ಕಂಡಿತು. ಈಗ ನನಗೇ ಗುರುತು ಸಿಗುತ್ತಿತ್ತು. "ಈ ಅನ್ನಿ" ಅಂದರು. ಅಂದೆ. ಎಡ ಚುಕ್ಕೆ ಎಂದಿನಂತೆ ಚಕ್ಕನೆ ಬಂತು. ಬಲ ಚುಕ್ಕೆ ನಿಧಾನಕ್ಕೆ, ನಿದ್ದೆಗಣ್ಣಿನ ಮಗು ಎದ್ದು ಬಂದ ಹಾಗೆ, ಒಂದಿಷ್ಟು ಒಳಕ್ಕೆ ಸರಿಯಿತು.

ಮೇಡಂ ಏನೂ ಹೇಳಲಿಲ್ಲ. ಪ್ರೋಬ್ ಅಲ್ಲೇ ಇಟ್ಟುಕೊಂಡು ಇಎನ್‌ಟಿ ಡಾಕ್ಟರಿಗೆ ಫೋನ್ ಮಾಡಿಸಿದರು. ಅವರು ಒಪಿಡಿ ಬಿಟ್ಟು ಬಂದರು. "ಮತ್ತೊಂದು ಸಲ ಟೀಚರ್." ಮತ್ತೆ ಸರಿಯಿತು. ಉಸಿರೆಳೆದಾಗ ಹೊರಕ್ಕೂ ಹೋಯಿತು. ಎಡದಷ್ಟು ಇಲ್ಲ, ಅರ್ಧದಷ್ಟು ಇರಬಹುದು. ನರ ಜೀವಂತವಾಗಿದೆ ಅಂದರು. ಅವರು ಹೇಳದೆಯೇ ನಾನು ಇನ್ನೂ ನಾಲ್ಕು ಸಲ 'ಈ' ಅಂದು ನೋಡಿದೆ. ಅವರಿಬ್ಬರೂ ತಡೆಯಲಿಲ್ಲ.

ಅವತ್ತೇ ಸ್ಕೋಪ್ ಕೂಡ ಮಾಡಿಸಿಕೊಂಡೆ. ಸಂದಿ ಪೂರ್ತಿ ಮುಚ್ಚುತ್ತಿದೆಯಾ, ತಂತುವಿನ ಅಂಚು ನೇರ ಇದೆಯಾ ಅಂತ ಅದರಲ್ಲೇ ಸ್ಪಷ್ಟವಾಗುವುದು. ಸ್ಪ್ರೇ ಹೊಡೆದು ಈ ಸಲ ಹತ್ತು ನಿಮಿಷ ಕಾಯಿಸಿದರು, ಇನ್ನೂ ತೆಳ್ಳಗಿನ ನಳಿಕೆ ತಂದರು. ಮೈಸೂರಿನಲ್ಲಿ ಕಲಿತ ಹಾಗೆ ನಿಧಾನಕ್ಕೆ ಉಸಿರಾಡುತ್ತಾ ಕೂತೆ. ಮುಗಿಯಿತು. ಸಣ್ಣ ಸಂದಿ ಇನ್ನೂ ಇದೆ. ಇಂಜೆಕ್ಷನ್ ಈಗ ಬೇಡ, ವ್ಯಾಯಾಮ ಬಿಡಬೇಡಿ, ಏಪ್ರಿಲ್‌ನಲ್ಲಿ ಬನ್ನಿ ಅಂದರು.

ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಒಂದು ಕಡೆ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಅಕ್ಕ ಎತ್ತಿದಳು. ಅಮ್ಮನಿಗೆ ಕೊಡು ಅಂದೆ. ತಲೆ ಬಲಕ್ಕೆ ತಿರುಗಿಸಿ, "ಅಮ್ಮಾ, ನಾನು" ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಇಲ್ಲ. ಕೇಳಲಿಲ್ಲವೇನೋ ಅಂತ ಮತ್ತೆ ಉಸಿರೆಳೆದುಕೊಂಡೆ. ಅಷ್ಟರಲ್ಲಿ ಅಮ್ಮ ಕೇಳಿದರು, "ಮಗಳೇ, ಊಟ ಆಯ್ತಾ?"